ಎರೆಭೂಮಿಯ ಹತ್ತಿ, ಕುಮಟೆಯ ಹಾಯಿ

1971ರಲ್ಲಿ ತನ್ನ ಹೊಲಮನೆಗಳನ್ನು ಮಾರಿ, ಹೆಂಡತಿಮಕ್ಕಳೊಡನೆ ‘ಲೂಸೆಟ್’ ಎಂಬ ಹಾಯಿನಾವೆಯನ್ನೇರಿ ಇಂಗ್ಲೆಂಡಿನ ತೀರವನ್ನು ಬಿಟ್ಟ ಡೂಗಲ್ ರಾಬರ್ಟ್‌ಸನ್ನನ ವೃತ್ತಾಂತವು ಲೋಕಪ್ರಸಿದ್ಧವಾದುದು. ಮರುವರ್ಷದ ಜೂನ್ ತಿಂಗಳಲ್ಲಿ ಗಲಾಪಗೋಸ್ ದ್ವೀಪಗಳಿಗೆ ಪಶ್ಚಿಮದಲ್ಲಿ ತಿಮಿಂಗಿಲಗಳ ಆಘಾತಕ್ಕೆ ನಾವೆಯು ಮುಳುಗಿದ ಮೇಲೆ, ಮಳೆಯ ನೀರನ್ನು ಕುಡಿದು, ಕಡಲಾಮೆಯ ಮಾಂಸವನ್ನುಂಡು, 38 ದಿನ ತೇಲಿದ ಆ ಸಂಸಾರವು ಕಡೆಗೆ ಜಪಾನಿನ ಮೀನುಗಾರರ ಕೈಹಿಡಿದು ಬದುಕಿತು. ಗದಗ ಜಿಲ್ಲೆಯ ಮಾಗಡಿಯಂಥ ಮಳೆಯಾಶ್ರಯದ ಊರಿನಲ್ಲಿ ಕುಳಿತು ಇದನ್ನೋದುವವನಿಗೆ, ಮೋಡದ ದಾರಿ ಕಾಯುತ್ತಿದ್ದ ಆ ತಾಯಿತಂದೆಗಳು ಪರಕೀಯರೆನಿಸರು; ಆದರೂ ಸಮುದ್ರಯಾನವೆಂಬುದು ನಮ್ಮ ಸೀಮೆಗೆ ಸಂಬಂಧಪಡದ ವಿಷಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸತ್ಯಕ್ಕೆ ದೂರ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಗದಗುಗಳ ಎರೆಭೂಮಿಯಲ್ಲಿ ಬಿಡಿಸಿದ ಹತ್ತಿಯು ಅಂಡಿಗೆಗಳಾಗಿ ಎತ್ತಿನ ಗಾಡಿಯನ್ನೇರಿ, ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು, ಕುಮಟೆಯ ಬಂದರದಲ್ಲಿ ಪತ್ತೆಮಾರಿಗಳೆಂಬ ಹಾಯಿನಾವೆಗಳನ್ನು ಸೇರಿ ಮುಂಬಯಿಗೆ ಹೋಗುತ್ತಿದ್ದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಈ ದಾರಿಯ ಮಹತ್ವವು ಇಮ್ಮಡಿಸಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಾಯವೂ ಇದ್ದಿತು.

ಆ ನಾವೆಗಳ ಮೇಲಿನ ಜೀವನವನ್ನು ಕುರಿತು ನಾವು ಎಷ್ಟು ಆಲೋಚಿಸಿದರೂ ಕಡಮೆಯೇ. ತಾಂಡೇಲನೊಬ್ಬನ ಆಜ್ಞೆಯಲ್ಲಿ, ಬಹುಮಟ್ಟಿಗೆ ಒಂದೇ ಕೇರಿಯ, ಕೆಲವೊಮ್ಮೆ ಒಂದೇ ಮನೆಯ ಅಣ್ಣತಮ್ಮಂದಿರು ಖಲಾಸಿಗಳಾಗಿ ಸೇರಿ, ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ ಒಲೆ ಹೂಡಿ ಗಂಜಿ ಬೇಯಿಸಿ, ಒಣಮೀನಿನೊಡನೆ ಅದನ್ನುಂಡು, ಸಿಹಿನೀರನ್ನು ಅಳೆದಳೆದು ಕುಡಿದು, ಬಯಲಿನಲ್ಲಿಯೇ ಮಲಗುತ್ತಿದ್ದರು. ಇರುಳಿನಲ್ಲಿ ನೆಲದ ಕಡೆಯಿಂದ ಬೀಸುವ ಗಾಳಿಗೂ ಹಗಲೇರಿದ ಮೇಲೆ ಕಡಲಿನಿಂದ ಬರುವ ಗಾಳಿಗೂ ಹಾಯಿಯನ್ನು ಹೊಂದಿಸಿಕೊಳ್ಳುತ್ತ, ದಂಡೆಯ ಗುಡ್ಡಗಳ ಗುರುತಿನಿಂದಲೇ ದಾರಿಯನ್ನರಿಯುವ ಅವರ ವಿದ್ಯೆಯು ಯಾವ ಪಾಠಶಾಲೆಯಲ್ಲಿಯೂ ಕಲಿತುದಲ್ಲ. ಮುಂಗಾರಿನಲ್ಲಿ ದಡಕ್ಕೆಳೆದಿಟ್ಟ ನಾವೆಯು ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿದ ಮೇಲೆಯೇ ಮತ್ತೆ ನೀರಿಗಿಳಿಯುತ್ತಿದ್ದಿತು. ಮಳೆ ಬಿದ್ದೊಡನೆ ನಮ್ಮ ರೈತನಿಗೆ ಕೆಲಸ ಮೊದಲಾದರೆ ಆ ನಾವಿಕನಿಗೆ ವಿಶ್ರಾಂತಿ. ಇವನು ಬಿಡಿಸಿದ ಬೆಳೆಯೇ ಅವನ ಹೊರೆ. ಕಾಯುವ ಕಷ್ಟವು ಮಾತ್ರ ದಂಡೆಯ ಮೇಲಿನ ಹೆಣ್ಣುಮಕ್ಕಳ ಪಾಲಿಗೆ ಬರುತ್ತಿದ್ದಿತು. ಅವರ ಮಾತನ್ನು ಬರೆದಿಟ್ಟವರು ವಿರಳ.

1880ರ ದಶಕದಲ್ಲಿ ಗದಗಿಗೆ ರೈಲು ಬಂದಿತು. ಹತ್ತಿಯು ಘಟ್ಟವನ್ನಿಳಿಯುವುದು ಬರಬರುತ್ತ ನಿಂತಿತು.

2024ರ ಜನವರಿಯಲ್ಲಿ ನಮ್ಮ ಮಾಗಡಿ ಕೆರೆಯೂ ಕುಮಟೆಯ ಬಳಿಯ ಅಘನಾಶಿನಿ ಅಳಿವೆಯೂ ಒಟ್ಟಿಗೇ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿದುವು. ಹಿಮಾಲಯವನ್ನು ದಾಟಿ ಸಂಸಾರಸಮೇತ ನಮ್ಮ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳ ರಕ್ಷಣೆಗೆ ಇದು ಅಗತ್ಯವೇ ಸರಿ. ಆದರೆ ಈ ಎರಡು ಸೀಮೆಗಳನ್ನು ಬೆಸೆದ ಮನುಷ್ಯರ ನೆನಪಿಗೆ ಅಂಥ ಆಶ್ರಯವಿಲ್ಲದಿರುವುದು ಅನ್ಯಾಯ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಹತ್ತಿ ವರ್ತಕರ ಮನೆತನದವರಲ್ಲಿ ನನ್ನ ವಿನಂತಿಯಿಷ್ಟೆ: ಅಟ್ಟದ ಮೇಲೆ ಕುಮಟೆಯ ಲೆಕ್ಕದ ಪುಸ್ತಕಗಳೂ ಪತ್ರಗಳೂ ಉಳಿದಿದ್ದರೆ ಅವುಗಳನ್ನು ರದ್ದಿಗೆ ಹಾಕದೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೆ ತೋರಿಸಿರಿ.