ಕೋಡ್ ಆಮೇಲೆ, ಮೊದಲು ಹಾಳಿ (ಭಾಗ 4)

ಈ ಸಲ ಗುಟ್ಟಿನ ಅಂಕಿ ಹುಡುಕೋ ಆಟ. ಒಬ್ಬರು 1ರಿಂದ 6ರೊಳಗಿನ ನಾಕು ಅಂಕಿ ಬಚ್ಚಿಡಬೇಕು, ಇನ್ನೊಬ್ಬರು ಊಹಿಸಬೇಕು. ಅಂಕಿ ಸರಿ, ಜಾಗಾನೂ ಸರಿ ಇದ್ರ ಒಂದು ಹೋರಿ. ಅಂಕಿ ಐತಿ, ಆದ್ರ ಜಾಗ ಬ್ಯಾರೆ ಅಂದ್ರ ಒಂದು ಆಕಳ. 1970ರ ದಶಕದಾಗ ಇದೇ ಆಟ ಬಣ್ಣದ ಗುಂಡಿ ಹಾಕ್ಕೊಂಡು 'ಮಾಸ್ಟರ್‌ಮೈಂಡ್' ಅಂತ ಪೇಟೆಗೆ ಬಂತು.

ಇದನ್ನ ಪೈಥಾನ್‌ನಾಗ ಬರೀರಿ ಅಂದ ಕೂಡ್ಲೆ ಬಹಳ ಮಂದಿ ಕೀಬೋರ್ಡಿಗೆ ಕೈ ಹಾಕ್ತಾರ. ಬ್ಯಾಡ್ರಿ. ಮೊದಲು ಹಾಳಿ ಮ್ಯಾಲ, ಕನ್ನಡದಾಗ, ಮೂರು ವಿಷಯ ಬರೀರಿ.

1. ಡೇಟಾ ಏನು? ಗುಟ್ಟು ಅಂದ್ರ ನಾಕು ಅಂಕಿಯ ಪಟ್ಟಿ. ಉತ್ತರ ಅಂದ್ರ ಎರಡು ಸಂಖ್ಯೆ: ಹೋರಿ, ಆಕಳ. ಎರಡೂ ಕೂಡಿದ್ರ 4 ದಾಟಂಗಿಲ್ಲ. 3 ಹೋರಿ, 1 ಆಕಳ ಎಂದೂ ಬರಂಗಿಲ್ಲ. ಮೂರು ಅಂಕಿ ಜಾಗಕ್ಕ ಕುಂತ್ರ ನಾಕನೇದಕ್ಕ ಉಳಿಯೋದು ಒಂದ ಜಾಗ.

2. ಫಂಕ್ಷನ್ ಏನು ತಗೋತದ, ಏನು ಕೊಡ್ತದ? ಗುಟ್ಟು, ಊಹೆ ತಗೋತದ, ಉತ್ತರ ಕೊಡ್ತದ.

3. ಉದಾಹರಣೆ. ಗುಟ್ಟು 1 1 2 3, ಊಹೆ 1 4 1 1. ಉತ್ತರ 1 ಹೋರಿ, 1 ಆಕಳ. ಅವಸರದಾಗ ಬರೆದ ಕೋಡ್ 2 ಆಕಳ ಅಂತದ, ಯಾಕಂದ್ರ ಅದು ಗುಟ್ಟಿನೊಳಗಿನ ಒಂದ 1ನ್ನ ಎರಡೆರಡು ಸಲ ಎಣಿಸ್ತದ. ಸರಿ ಲೆಕ್ಕ ಹಿಂಗ: ಪ್ರತಿ ಅಂಕಿ ಎರಡೂ ಕಡೆ ಎಷ್ಟು ಸಲ ಐತಿ ನೋಡಿ, ಸಣ್ಣದನ್ನ ತಗೊಂಡು ಕೂಡಿಸಿ, ಹೋರಿ ಕಳೀರಿ.

"ಪರೀಕ್ಷೆಯಾಗ ಮಾರ್ಕ್ಸ್ ಕೋಡಿಗೆ, ಹಾಳಿಗಲ್ಲ" ಅಂತೀರಿ. ಖರೆ. ಆದ್ರ ಬಾಯಿಪಾಠದ ಕೋಡು, ನಾಕರ ಬದ್ಲಿ ಐದು ಅಂಕಿ ಅಂದ್ರ ಅಲ್ಲೇ ನಿಂತ್ಬಿಡ್ತದ. ಈಗ ಫೋನಿನ ಎಐನೂ ಕೋಡ್ ಕೊಡ್ತದ. ಅದು ಸರಿನೋ ತಪ್ಪೋ ಹೇಳೋದು ನಿಮ್ಮ ಉದಾಹರಣೆ ಅಷ್ಟ.

1977ರಾಗ ಡೊನಾಲ್ಡ್ ಕನೂತ್ 1296 ಗುಟ್ಟಿನೊಳಗ ಯಾವುದಿದ್ರೂ ಐದು ಊಹೆಯೊಳಗ ಹಿಡೀಬಹುದು ಅಂತ ತೋರಿಸಿದ್ರು. ಅದಕ್ಕೂ ಬುನಾದಿ ಈ ಹೋರಿ-ಆಕಳದ ಲೆಕ್ಕನ.

ಲ್ಯಾಪ್‌ಟಾಪ್ ಇಲ್ಲ, ಇಂಗ್ಲಿಷ್ ಬರಂಗಿಲ್ಲ ಅಂತ ಹಿಂದ ಸರೀಬ್ಯಾಡ್ರಿ. ಪೈಥಾನ್ 3ರಾಗ ಫಂಕ್ಷನ್ನಿಗೆ 'ಹೋರಿ_ಎಣಿಸು' ಅಂತ ಕನ್ನಡದ ಹೆಸರೂ ನಡೀತದ. ಇನ್ನ ಯೋಚನೆ ಮಾಡಾಕ ನವಲಗುಂದ-ಹುಬ್ಬಳ್ಳಿ ಬಸ್ಸು, ಒಂದು ಪೆನ್ನು ಸಾಕು.

ನಾಳೆ ಬಸ್ಸಿನಾಗ ಬಿಡಿಸ್ರಿ: ಗುಟ್ಟು 2 2 5 6, ಊಹೆ 2 5 2 2. ಎಷ್ಟು ಹೋರಿ, ಎಷ್ಟು ಆಕಳ?

#ಕನ್ನಡದಾಗಕೋಡಿಂಗ್ #ನವಲಗುಂದ