ಶಕೂರನ ಲೆಕ್ಕದಲ್ಲಿ ಸಣ್ಣ ಕೆಲಸವಿಲ್ಲ

ನಮ್ಮ ಗದಗಿನ ಕಡೆ ಯಾವ ಮುಸಲ್ಮಾನರನ್ನೇ ‘ಹೆಂಗದೀರಿ?’ ಎಂದು ಕೇಳಿ, ಮೊದಲು ಬರುವ ಉತ್ತರ ‘ಅಲ್ಹಮ್ದುಲಿಲ್ಲಾ’, ಅಂದರೆ ದೇವರಿಗೆ ಸ್ತುತಿ. ಸೀನಿದರೂ ಅದೇ, ಉಂಡು ಕೈ ತೊಳೆದರೂ ಅದೇ. ದೇವರನ್ನು ನೆನೆಯುವುದು ಒಳ್ಳೆಯದೇ. ಆದರೆ ಕಾಸು ಖರ್ಚಿಲ್ಲದ ಈ ಕೃತಜ್ಞತೆಗೇ ನಾವು ನಿಂತುಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

ಅಲ್ಲಾಹನ 99 ಹೆಸರುಗಳಲ್ಲಿ ‘ಶಕೂರ್’ ಒಂದು. ನಾನು ಪಾಠ ಹೇಳಿದ ಶಾಲೆಯ ಹಾಜರಿ ಪುಸ್ತಕದಲ್ಲಿ ಅಬ್ದುಲ್ ಶಕೂರರಿಗೆ ಬರವಿರಲಿಲ್ಲ. ಆದರೂ ಅನ್ನಕ್ಕಾಗಿ ರಜ್ಜಾಕನನ್ನು, ಕ್ಷಮೆಗಾಗಿ ಗಫೂರನನ್ನು ಕರೆಯುವಷ್ಟು ನಾವು ಶಕೂರನನ್ನು ಕರೆಯುವುದಿಲ್ಲ. ಮನುಷ್ಯ ಮಾಡಿದ ಪುಟ್ಟ ಒಳಿತನ್ನೂ ಮೆಚ್ಚಿ, ಹಲವು ಪಟ್ಟು ಫಲ ಕೊಡುವವನು ಅವನು. ಇಲ್ಲಿ ಉಪಕಾರ ನೆನೆಯುವವನು ದೇವರೇ.

ಪ್ರವಾದಿಯವರ ನುಡಿ-ನಡೆಗಳನ್ನು ದಾಖಲಿಸಿದ ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇಬ್ಬರು ಅನಾಮಿಕರ ಪ್ರಸಂಗಗಳಿವೆ. ಒಬ್ಬ ದಾರಿಗೆ ಬಿದ್ದಿದ್ದ ಮುಳ್ಳಿನ ಟೊಂಗೆಯನ್ನು ಬದಿಗೆ ಸರಿಸಿದ. ಇನ್ನೊಬ್ಬ ಬಾಯಾರಿದ ನಾಯಿಗಾಗಿ ಬಾವಿಗಿಳಿದು, ಕಾಲ ಮೆಟ್ಟಿನಲ್ಲಿ ನೀರು ತುಂಬಿ, ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಬಂದ. ಅಲ್ಲಾಹ್ ಇಬ್ಬರನ್ನೂ ಮೆಚ್ಚಿ ಪಾಪ ಮನ್ನಿಸಿದ. ಆ ದಾರಿಯಲ್ಲಿ ಮುಳ್ಳು ಚುಚ್ಚದೆ ಪಾರಾದವರಿಗೆ ಟೊಂಗೆ ಸರಿಸಿದವನು ಯಾರೆಂದೇ ಗೊತ್ತಿಲ್ಲ.

ಕುರ್‌ಆನಿನಲ್ಲಿ ಅಲ್ಲಾಹನನ್ನು ಶಕೂರ್ ಎಂದು ಕರೆದಿರುವುದು ನಾಲ್ಕು ಕಡೆ. ಅದರಲ್ಲಿ ಮೂರು ಕಡೆ ಪಕ್ಕದಲ್ಲೇ ಗಫೂರ್ ಇದೆ. ತಪ್ಪನ್ನು ಮನ್ನಿಸುವವನೇ ಒಳಿತನ್ನು ಎಣಿಸಿಡುತ್ತಾನೆ. ನಮ್ಮದು ಪೂರಾ ತಿರುಗಾಮುರುಗಾ. ಮನೆಗೆಲಸದಾಕೆ ಒಂದು ದಿನ ತಪ್ಪಿಸಿದ್ದು ವರ್ಷಗಟ್ಟಲೆ ನೆನಪಿರುತ್ತದೆ, ಬಂದ ದಿನಗಳ ಲೆಕ್ಕ ಯಾರೂ ಇಡುವುದಿಲ್ಲ.

ನನ್ನಪ್ಪ ಪಿಂಜಾರ. ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಊರೂರು ಅಲೆದು, ಜನರ ಅಂಗಳದಲ್ಲಿ ಕೂತು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆಯೆಲ್ಲ ಬೆಳ್ಳಗೆ, ರಾತ್ರಿಯೆಲ್ಲ ಕೆಮ್ಮು. ಕೆಲವರು ಕೂಲಿಗೆ ಜೋಳ ಅಳೆದು ಕೊಡುತ್ತಿದ್ದರು, ಕೆಲವರು ‘ನಾಳೆ ಬಾ’ ಎನ್ನುತ್ತಿದ್ದರು. ಯಾರೋ ಒಬ್ಬ ಅಜ್ಜಿ ಗಾದಿ ಮುಟ್ಟಿ ನೋಡಿ ‘ಚಲೋ ಹಿಂಜೀಯೋ ತಮ್ಮಾ’ ಅಂದಿದ್ದನ್ನು ಅಪ್ಪ ಉಣ್ಣುವಾಗ ಅವ್ವನ ಮುಂದೆ ಎರಡೆರಡು ಸಲ ಹೇಳುತ್ತಿದ್ದ. ‘ನಾಳೆ ಬಾ’ ಅಂದವರ ಹೆಸರನ್ನು ಅವ್ವನೇ ಕೇಳಿ ತಿಳಿಯಬೇಕಿತ್ತು.

‘ಸಂಬಳ ಕೊಡ್ತೀವಲ್ಲ, ಮತ್ತೇನು ಬೇಕು?’ ಎನ್ನುವವರಿದ್ದಾರೆ. ಸರಿ, ಸಂಬಳದಿಂದಲೇ ಶುರು ಮಾಡೋಣ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿಯವರ ಮಾತು ನಮ್ಮ ಮಸೀದಿಯ ಶುಕ್ರವಾರದ ಬಯಾನ್‌ಗಳಲ್ಲಿ ಆಗಾಗ ಕೇಳಿಬರುತ್ತದೆ. ಅದೇ ಮಸೀದಿಯಲ್ಲಿ ಆಜಾನ್ ಕೂಗುವ ಮೌಜನ್‌ಗೆ ಸಂಬಳ ಯಾವ ತಾರೀಖಿಗೆ ಸಿಗುತ್ತದೆ ಎಂದು ಬಯಾನ್ ಕೇಳಿದವರಲ್ಲಿ ಎಷ್ಟು ಮಂದಿ ವಿಚಾರಿಸಿದ್ದಾರೆ? ಮದೀನಾದ ಮಸೀದಿಯ ಕಸ ಗುಡಿಸುತ್ತಿದ್ದ ಕಪ್ಪು ಹೆಂಗಸೊಬ್ಬಳು ತೀರಿಕೊಂಡಾಗ, ಇದನ್ನೇನು ಹೇಳುವುದೆಂದು ಸಂಗಡಿಗರು ಪ್ರವಾದಿಯವರಿಗೆ ತಿಳಿಸದೆಯೇ ದಫನ್ ಮಾಡಿದ್ದರು. ಆಕೆ ಕಾಣದಿದ್ದಾಗ ಪ್ರವಾದಿಯವರೇ ವಿಚಾರಿಸಿದರು, ಗೋರಿ ಎಲ್ಲಿದೆ ಎಂದು ಕೇಳಿ ಹೋಗಿ ಅಲ್ಲಿ ನಮಾಜು ಮಾಡಿದರು.

ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂದು ಹದೀಸ್ ಹೇಳುತ್ತದೆ. ದೇವರು ಯಾರ ಸಾಲಗಾರನೂ ಅಲ್ಲ, ಆದರೂ ಒಂದು ಮುಳ್ಳಿನ ಟೊಂಗೆಯ ಲೆಕ್ಕವಿಡುತ್ತಾನೆ. ಬೆಳಗಿನಿಂದ ರಾತ್ರಿವರೆಗೆ ಇನ್ನೊಬ್ಬರ ದುಡಿಮೆಯ ಋಣದಲ್ಲೇ ಇರುವ ನಾವು ತಸ್ಬೀಹ್ ಮಣಿ ಹಿಡಿಯುವ ಮೊದಲು ಯಾರ ಕೂಲಿ ಬಾಕಿ ಉಳಿದಿದೆ ಎಂದು ನೋಡಿಕೊಳ್ಳಬೇಕು. ಬಾಕಿ ಚುಕ್ತಾ ಮಾಡಿ, ಕೆಲಸ ಚೆನ್ನಾಗಿದೆ ಎಂದು ಒಂದು ಮಾತು ಹೇಳಿ ಬಂದರೆ ಆಮೇಲೆ ಹೇಳುವ ಅಲ್ಹಮ್ದುಲಿಲ್ಲಾಗೆ ತೂಕ ಬರುತ್ತದೆ.