ಹಿನ್ನೀರಿನ ಸೀಮೆಯಲ್ಲಿ ಮಕ್ಕಳ ರಕ್ಷಣೆ

ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡುದು 1964ರಲ್ಲಿ. ಗದ್ದೆ, ತೋಟ, ಮನೆಗಳನ್ನು ನೀರಿಗೊಪ್ಪಿಸಿ ಎದ್ದುಬಂದ ಹಿರಿಯರ ಮೊಮ್ಮಕ್ಕಳು ಇಂದು ಸಾಗರ, ಹೊಸನಗರ ಸೀಮೆಯಲ್ಲಿ ಅದೇ ಹಿನ್ನೀರಿನ ದಡದಲ್ಲಿ ತಮ್ಮ ಮಕ್ಕಳನ್ನು ಬೆಳೆಸುತ್ತಿದ್ದಾರೆ. ತೀರ್ಥಹಳ್ಳಿಯ ಮಕ್ಕಳಿಗೆ ತುಂಗೆಯ ನೆರೆ. ಇವುಗಳ ಜೊತೆಗೆ ಅಂಗಳದ ಬಾವಿ, ತೋಟದ ಕೆರೆ, ಈಚಿನ ಕೃಷಿ ಹೊಂಡ. ನೀರಿನ ನಡುವೆಯೇ ಬಾಳುವ ನಾವು ಮಕ್ಕಳನ್ನು ಅದಕ್ಕೆ ಸಿದ್ಧಗೊಳಿಸಿದ್ದೇವೆಯೇ? ಇಲ್ಲವೆಂದೇ ಹೇಳಬೇಕಾಗಿದೆ.

“ನೀರಿನ ಹತ್ತಿರ ಹೋಗಬೇಡ” ಎಂದು ಗದರಿಸುವುದನ್ನೇ ನಾವು ರಕ್ಷಣೆಯೆಂದು ಭಾವಿಸಿದ್ದೇವೆ. ಅನಾಹುತವಾದರೆ ಹಣೆಬರಹವೆಂದು ಸುಮ್ಮನಾಗುತ್ತೇವೆ. ಕಾಯಕವನ್ನು ಬೋಧಿಸಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಇದು ಒಪ್ಪುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಮುಳುಗಿ ಸಾಯುತ್ತಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಈ ಸಾವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು.

ಹಸುಳೆಗೆ ಬಚ್ಚಲಿನ ಬಕೆಟ್ಟಿನಲ್ಲಿರುವ ಗೇಣು ನೀರೂ ಅಪಾಯವೇ. ಮುಳುಗುವ ಮಗು ಕೂಗುವುದಿಲ್ಲ. ಸದ್ದಿಲ್ಲದೆ ಕ್ಷಣಾರ್ಧದಲ್ಲಿ ಮುಳುಗುತ್ತದೆ. ಆದುದರಿಂದ ಬಳಸಿದ ಮೇಲೆ ಪಾತ್ರೆಗಳನ್ನು ಬರಿದು ಮಾಡಿ ಬೋರಲು ಹಾಕಬೇಕು. ಬಾವಿಗೆ ಕಟ್ಟೆಯೂ ಜಾಲರಿಯೂ ಇರಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಅಂಚು ಜಾರುತ್ತದೆ. ಬಿದ್ದರೆ ದೊಡ್ಡವರೂ ಹತ್ತಿ ಬರಲಾರರು. ಅದಕ್ಕೆ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಬೇಕು. ತೋಟದ ಕೆಲಸದ ದಿನಗಳಲ್ಲಿ ಮಗುವನ್ನು ನೋಡಿಕೊಳ್ಳುವ ಹೊಣೆ ಇಂಥವರದೆಂದು ಬೆಳಿಗ್ಗೆಯೇ ಗೊತ್ತುಮಾಡಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆಂಬ ಮನೆಯಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ.

ಆರು ವರ್ಷ ದಾಟಿದ ಮಕ್ಕಳಿಗೆ, ಹೆಣ್ಣು ಗಂಡೆಂಬ ಭೇದವಿಲ್ಲದೆ, ಬಲ್ಲವರ ಸಮ್ಮುಖದಲ್ಲಿ ಈಜು ಕಲಿಸಬೇಕು. ಈಜು ಬಂದ ಮಾತ್ರಕ್ಕೆ ಹಿನ್ನೀರು ಕ್ಷೇಮವಲ್ಲವೆಂಬುದನ್ನೂ ಹೇಳಿಕೊಡಬೇಕು. ಬೇಸಗೆಯಲ್ಲಿ ನೀರು ಇಳಿದಾಗ ಕಾಲು ಹೂಳುವ ಕೆಸರು, ಹಳೆಯ ಮರದ ಬೊಡ್ಡೆಗಳು, ಮುಳುಗಡೆಯಾದ ನೆಲದ ಹೊಂಡಗಳು ಕಣ್ಣಿಗೆ ಕಾಣುವುದಿಲ್ಲ. ರಜೆಗೆ ಬರುವ ಪಟ್ಟಣದ ನೆಂಟರ ಮಕ್ಕಳಿಗೆ ಇದಾವುದೂ ತಿಳಿಯದು. ಅವರು ಬಂದ ದಿನವೇ ಎಚ್ಚರಿಸುವುದು ಆತಿಥ್ಯದ ಮೊದಲ ಕರ್ತವ್ಯ.

ಒಬ್ಬರು ಮುಳುಗುತ್ತಿರುವಾಗ ಈಜು ಬಾರದವರು ನೀರಿಗೆ ಹಾರಬಾರದು. ಒಂದು ಸಾವು ಎರಡಾಗುವುದು ಹೀಗೆಯೇ. ಕೂಗಿ ಜನರನ್ನು ಕರೆದು, ದೋಟಿಯನ್ನೋ ಹಗ್ಗವನ್ನೋ ಚಾಚಬೇಕು. ಬಾಯಿ ಮುಚ್ಚಿದ ಖಾಲಿ ಕ್ಯಾನನ್ನಾದರೂ ಎಸೆಯಬೇಕು. ಇದನ್ನು ಮಕ್ಕಳಿಗೂ ಕಲಿಸಬೇಕು.

ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು, ಉಪ್ಪಿನ ರಾಶಿಯಲ್ಲಿ ಹೂಳುವುದು ಇವೆಲ್ಲವೂ ಅಮೂಲ್ಯ ನಿಮಿಷಗಳನ್ನು ಕಳೆಯುವ ತಪ್ಪು ನಂಬಿಕೆಗಳು. ಮಗುವಿಗೆ ಬೇಕಾದುದು ಉಸಿರು. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲವನ್ನು ಮೇಲೆತ್ತಿ, ಮೂಗನ್ನು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏರುವಂತೆ ಮೊದಲು ಉಸಿರು ಕೊಡಬೇಕು. ಬಳಿಕ ಎದೆಯ ನಡುವೆ 30 ಬಾರಿ ಬೇಗಬೇಗನೆ ಒತ್ತಿ, 2 ಬಾರಿ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೂ ನಿಲ್ಲಿಸಬಾರದು. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಬೇಕು. ಮಗು ಕಣ್ಣು ತೆರೆದರೂ ಆಸ್ಪತ್ರೆಗೆ ಒಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಇದನ್ನು ಓದಿ ತಿಳಿದರೆ ಸಾಲದು, ಕೈಯಿಂದ ಮಾಡಿ ಕಲಿಯಬೇಕು. ನಮ್ಮ ಊರುಗಳಲ್ಲಿ ದೂರವಾಣಿಯ ಸಂಪರ್ಕ ದುರ್ಬಲ, ಆಸ್ಪತ್ರೆ ದೂರ. ಮೊದಲ ವೈದ್ಯರು ಮನೆಯವರೇ. ಶ್ರೀಮಠದಲ್ಲಿ ಭಕ್ತರು ಸೇರುವ ದಿನಗಳಲ್ಲಿ ವೈದ್ಯರನ್ನು ಕರೆಸಿ ಒಂದು ಗಂಟೆಯ ಶಿಕ್ಷಣ ಏರ್ಪಡಿಸಿದರೆ, ಮನೆಗೊಬ್ಬರಾದರೂ ಕಲಿತಾರು. ಅನ್ನದಾಸೋಹ, ಜ್ಞಾನದಾಸೋಹಗಳ ಸಾಲಿಗೆ ಇದೂ ಸೇರಲಿ. ಪ್ರತಿವರ್ಷ ಜುಲೈ 25 ಮುಳುಗುವಿಕೆ ತಡೆಯ ವಿಶ್ವ ದಿನ. ಶರಾವತಿ, ತುಂಗೆಯರು ತುಂಬಿ ಹರಿಯುವ ಆ ಕಾಲಕ್ಕೆ ಮೊದಲೇ, ಭಕ್ತರು ತಮ್ಮ ತಮ್ಮ ಮನೆಯ ಬಾವಿ, ಹೊಂಡಗಳನ್ನು ಒಮ್ಮೆ ಸುತ್ತಿ ನೋಡಲಿ ಎಂಬುದು ನಮ್ಮ ಪ್ರಾರ್ಥನೆ.